ಓದುಗರ ಪ್ರಶ್ನೆ: ಯೆಹೂದ್ಯರ ಕುರಿತ ಪ್ರವಾದನೆಗಳನ್ನು ಓದುವ ಬಗೆ

ಯೆಹೂದ್ಯ ಜನ ಮತ್ತು ಅಂತ್ಯಕಾಲದ ಕುರಿತು ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ವಚನಸಂಖ್ಯೆ ಕೊಟ್ಟಲ್ಲೆಲ್ಲ ಸತ್ಯವೇದವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಓದಿ. ಉತ್ತರಕ್ಕಿಂತ ವಚನ ಮುಖ್ಯ.

ಪ್ರಶ್ನೆ: ನಾವು ಏಳೆಂಟು ಮಂದಿ ವಾರಕ್ಕೊಮ್ಮೆ ಕೂಡಿ ಸತ್ಯವೇದ ಓದುತ್ತೇವೆ. ಇಸ್ರಾಯೇಲಿನ ಕುರಿತ ಪ್ರವಾದನೆಗಳನ್ನು ಕ್ರಮವಾಗಿ ಓದಬೇಕೆಂದಿದ್ದೇವೆ. ಪ್ರಕಟನೆಯಿಂದ ಶುರುಮಾಡಬಹುದೇ?

ಬೇಡ, ಪ್ರಕಟನೆ ಕೊನೆಗಿರಲಿ. ಅದರಲ್ಲಿ ಬರುವ ಮೃಗಗಳು, ಕೊಂಬುಗಳು, ಅಳತೆಕೋಲು, ಎರಡು ಎಣ್ಣೆಮರಗಳು ಎಲ್ಲವೂ ದಾನಿಯೇಲ, ಯೆಹೆಜ್ಕೇಲ, ಜೆಕರ್ಯರಲ್ಲಿ ಮೊದಲೇ ಬಂದಿವೆ. ಆ ಮೂಲಗಳನ್ನು ಓದದೆ ಪ್ರಕಟನೆಗೆ ಕೈಹಾಕಿದವರು ಅರ್ಥವಾಗದ ಜಾಗವನ್ನೆಲ್ಲ ಆ ದಿನದ ಸುದ್ದಿಯಿಂದ ತುಂಬುತ್ತಾರೆ.

ಮೊದಲು ಹಾಳೆಯೊಂದರ ಮೇಲೆ ಉದ್ದಕ್ಕೆ ಗೆರೆ ಎಳೆದು ಐದು ಇಸವಿ ಗುರುತಿಸಿ. ಕ್ರಿ.ಪೂ. 722, ಸಮಾರ್ಯ ಅಶ್ಶೂರ್ಯರ ವಶವಾಯಿತು. 586, ಬಾಬೆಲಿನವರು ಯೆರೂಸಲೇಮನ್ನೂ ದೇವಾಲಯವನ್ನೂ ಸುಟ್ಟರು. 538, ಪಾರಸಿಯ ಅರಸ ಕೋರೆಷನು ಸೆರೆಯವರಿಗೆ ಮರಳಿ ಹೋಗಲು ಅಪ್ಪಣೆ ಕೊಟ್ಟನು. 516, ಎರಡನೆಯ ದೇವಾಲಯದ ಕೆಲಸ ಮುಗಿಯಿತು. ಕ್ರಿ.ಶ. 70, ರೋಮನ್ ಸೇನಾಪತಿ ಟೈಟಸ್ ಅದನ್ನು ನೆಲಸಮ ಮಾಡಿದನು. ಈಗ ಪ್ರವಾದಿಗಳನ್ನು ಆ ಗೆರೆಯ ಮೇಲೆ ಕೂರಿಸಿ. ಆಮೋಸ, ಹೋಶೇಯ, ಮೀಕ, ಯೆಶಾಯ 722ರ ಆಸುಪಾಸು. ಯೆರೆಮೀಯ, ಯೆಹೆಜ್ಕೇಲ 586ರ ಆಸುಪಾಸು. ಹಗ್ಗಾಯ, ಜೆಕರ್ಯ 520ರಿಂದ. ಮಲಾಕಿಯ ಅವರ ನಂತರ. ಯೆಶಾಯ 40ರಿಂದ 55ರವರೆಗಿನ ಭಾಗವನ್ನು ಸೆರೆವಾಸದ ಕಾಲದ ಬರಹವೆಂದು ಎಣಿಸುವ ವಿದ್ವಾಂಸರು ಅನೇಕರಿದ್ದಾರೆ. ಆ ಚರ್ಚೆ ಬೇರೆ. ಯಾವ ಪಕ್ಷ ಹಿಡಿದರೂ ಆ ಅಧ್ಯಾಯಗಳ ಕಣ್ಣೆದುರು ಇರುವುದು ಬಾಬೆಲಿನ ಸೆರೆಯೇ.

ಈ ಗೆರೆ ಏಕೆ ಬೇಕು ಎಂಬುದು ಎರಡು ವಚನಗಳನ್ನು ಅಕ್ಕಪಕ್ಕ ಇಟ್ಟರೆ ತಿಳಿಯುತ್ತದೆ. ಯೆಶಾಯ 11:11ರಲ್ಲಿ ಕರ್ತನು ತನ್ನ ಜನರಲ್ಲಿ ಉಳಿದವರನ್ನು "ಎರಡನೆಯ ಸಾರಿ" ಬಿಡಿಸಿಕೊಳ್ಳುವನೆಂದಿದೆ. ಮೊದಲ ಸಾರಿ ಬಾಬೆಲಿನಿಂದ, ಎರಡನೆಯ ಸಾರಿ ಇಸ್ರೇಲ್ ದೇಶ ಹುಟ್ಟಿದ 1948ರಲ್ಲಿ ಎಂದು ವಿವರಿಸುವವರುಂಟು. ಆದರೆ ಐದು ವಚನ ಮುಂದೆ ಹೋಗಿ: 11:16ರಲ್ಲಿ ಪ್ರವಾದಿಯೇ ಮೊದಲ ಬಿಡುಗಡೆ ಯಾವುದೆಂದು ಹೇಳಿದ್ದಾನೆ, ಅದು ಐಗುಪ್ತದಿಂದ ಹೊರಟದ್ದು. ಹಾಗಾದರೆ ಎರಡನೆಯದು ಬಾಬೆಲಿನಿಂದ ಮರಳಿದ್ದೂ ಆಗಬಹುದು. ಈ ಒಂದು ವಚನದ ಮೇಲೆ 1948ನ್ನು ನಿಲ್ಲಿಸಲಾಗದು. ಇನ್ನೊಂದು ಕಡೆ ಜೆಕರ್ಯ 8:7-8 ಮತ್ತು 10:6-10 ನೋಡಿ. ಅಲ್ಲಿಯೂ ಚದರಿದವರು ಮರಳಿ ಬರುವರೆಂಬ ಮಾತಿದೆ. ಆದರೆ ಜೆಕರ್ಯನು ಮಾತಾಡಿದ್ದು ಜನ ಬಾಬೆಲಿನಿಂದ ಬಂದಾದ ಮೇಲೆ. ಹೀಗಾಗಿ "ಮರಳುವ ಮಾತೆಲ್ಲ ಕೋರೆಷನ ಕಾಲಕ್ಕೇ ಮುಗಿಯಿತು" ಎನ್ನುವವರ ವಾದವೂ ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ. ಇಸವಿ ನೋಡಿಕೊಂಡು ಓದಿದರೆ ಎರಡೂ ಪಕ್ಷದ ಅವಸರ ಕಡಿಮೆಯಾಗುತ್ತದೆ.

ಆಮೇಲೆ ಪ್ರತಿ ಭಾಗಕ್ಕೂ ಇವನ್ನು ಕೇಳಿಕೊಳ್ಳಿ. ಇಲ್ಲಿ "ಇಸ್ರಾಯೇಲ್" ಎಂದರೆ ಯಾರು? ಯಾಕೋಬನೇ, ಹನ್ನೆರಡು ಕುಲಗಳೇ, ಉತ್ತರದ ಹತ್ತು ಕುಲಗಳ ರಾಜ್ಯವೇ, ಸೆರೆಯಿಂದ ಮರಳಿದ ಯೆಹೂದದವರೇ? ಹೋಶೇಯನಲ್ಲಿ ಅದು ಬಹುಪಾಲು ಉತ್ತರ ರಾಜ್ಯ, ಎಜ್ರನಲ್ಲಿ ಮರಳಿ ಬಂದವರು. ಮಾತಿಗೆ ಷರತ್ತು ಇದೆಯೇ? ಯೆರೆಮೀಯ 18:7-10ರ ಪ್ರಕಾರ, ಕೆಡವುವೆನೆಂದು ಹೇಳಿದ ಜನಾಂಗ ತಿರುಗಿಕೊಂಡರೆ ದೇವರು ಕೆಡವುವುದಿಲ್ಲ, ಕಟ್ಟುವೆನೆಂದು ಹೇಳಿದ ಜನಾಂಗ ಕೆಟ್ಟರೆ ಕಟ್ಟುವುದಿಲ್ಲ. ನಿನೆವೆ 40 ದಿನದಲ್ಲಿ ನಾಶವಾಗುವುದೆಂದು ಯೋನನು ಸಾರಿದಾಗ ಷರತ್ತಿನ ಮಾತೇ ಆಡಿರಲಿಲ್ಲ, ಆದರೂ ನಗರ ಉಳಿಯಿತು. ಮೂರನೆಯದಾಗಿ, "ಅಂತ್ಯದಿನಗಳಲ್ಲಿ" ಎಂದು ಅನುವಾದವಾದ ಕಡೆ ಹೀಬ್ರೂವಿನಲ್ಲಿ ಬಹಳ ಸಲ ಇರುವುದು "ಅಹರೀತ್ ಹಯ್ಯಾಮೀಮ್", ಅಂದರೆ "ಮುಂದಣ ದಿನಗಳಲ್ಲಿ". ಆದಿಕಾಂಡ 49:1ರಲ್ಲಿ ಯಾಕೋಬನು ಮಕ್ಕಳಿಗೆ ಹೇಳುವುದೂ ಇದೇ ಮಾತು, ಅಲ್ಲಿ ಅದು ಅವರು ಕಾನಾನಿನಲ್ಲಿ ನೆಲೆಸುವ ಕಾಲವನ್ನೂ ಒಳಗೊಂಡಿದೆ. ಆ ನುಡಿ ಕಂಡೊಡನೆ ಲೋಕದ ಕೊನೆ ಎಂದು ಬರೆದುಕೊಳ್ಳಬೇಡಿ.

ಪ್ರಶ್ನೆ: 1948ರ ಮೇ 14ರಂದು ಇಸ್ರೇಲ್ ದೇಶ ಘೋಷಣೆಯಾದದ್ದು ಯೆಹೆಜ್ಕೇಲ 37ರ ಒಣ ಎಲುಬುಗಳ ನೆರವೇರಿಕೆ ಎನ್ನುತ್ತಾರೆ. ಯೆಶಾಯ 66:8 "ಒಂದೇ ದಿನದಲ್ಲಿ ದೇಶ ಹುಟ್ಟೀತೇ" ಎಂಬುದೂ ಅದೇ ಅಂತೆ. ನಿಜವೇ?

ಎಲುಬುಗಳು ಯಾರೆಂಬುದರಲ್ಲಿ ಗೊಂದಲವಿಲ್ಲ. 37:11 ಬಿಡಿಸಿ ಹೇಳುತ್ತದೆ: ಇಸ್ರಾಯೇಲಿನ ಇಡೀ ಮನೆತನ, "ನಮ್ಮ ನಿರೀಕ್ಷೆ ಹಾಳಾಯಿತು" ಎನ್ನುತ್ತಿದ್ದ ಜನ. ಯೆಹೆಜ್ಕೇಲನು ಇದನ್ನು ಬಾಬೆಲಿನಲ್ಲಿ ಸೆರೆಯವರ ನಡುವೆ ಕೂತು ಹೇಳಿದ. ಮೊದಲ ಅರ್ಥ ಅವರಿಗೆ ಸೇರಿದ್ದು.

1948ನ್ನು ಇಲ್ಲಿ ಕಾಣುವವರ ವಾದದ ಗಟ್ಟಿಭಾಗ 37:8ರಲ್ಲಿದೆ. ಎಲುಬು ಕೂಡಿಕೊಂಡವು, ನರ ಮಾಂಸ ಚರ್ಮ ಬಂತು, ಆದರೆ ಉಸಿರಿರಲಿಲ್ಲ. 36:24-27ರಲ್ಲೂ ಮೊದಲು ದೇಶಕ್ಕೆ ತರುವುದು, ಆಮೇಲೆ ಶುದ್ಧಿ, ಹೊಸ ಹೃದಯ. ಹಾಗಾಗಿ ನಂಬಿಕೆಯಿಲ್ಲದ ಮರಳುವಿಕೆ ಮೊದಲು, ಆತ್ಮಿಕ ಜೀವ ಆಮೇಲೆ ಎಂಬ ಎರಡು ಹಂತ ಅವರಿಗೆ ಕಾಣುತ್ತದೆ. ಎದುರು ಪಕ್ಷದವರು ಧರ್ಮೋಪದೇಶಕಾಂಡ 30:1-5 ತೆಗೆಯುತ್ತಾರೆ. ಅಲ್ಲಿ ಕ್ರಮ ತಿರುಗುಮುರುಗು: ಮೊದಲು ಜನ ದೇವರ ಕಡೆಗೆ ತಿರುಗುತ್ತಾರೆ, ಆಮೇಲೆ ಆತನು ಕೂಡಿಸುತ್ತಾನೆ. ಎರಡು ಭಾಗಗಳನ್ನೂ ಒಟ್ಟಿಗೆ ಓದಿಸದ ಬೋಧಕರನ್ನು ನಂಬಿ ಕೂರಬೇಡಿ. ಯೆಹೆಜ್ಕೇಲ 37:24-28ನ್ನೂ ಬಿಡಬಾರದು. ಆ ಮರಳುವಿಕೆಯ ಜೊತೆಗೆ ದಾವೀದನ ವಂಶದ ಒಬ್ಬನೇ ಕುರುಬ, ನಿತ್ಯವಾದ ಸಮಾಧಾನದ ಒಡಂಬಡಿಕೆ, ಜನರ ನಡುವೆ ದೇವರ ವಾಸಸ್ಥಾನ ಇವೂ ಇವೆ. ಅಷ್ಟೂ ಆಗಿಹೋಗಿದೆ ಎಂದು ಯಾರೂ ಹೇಳುವಂತಿಲ್ಲ.

ಯೆಶಾಯ 66:7-8 ಚೀಯೋನಿನ ಹೆರಿಗೆಯ ಚಿತ್ರ, ಬೇನೆ ಬರುವ ಮುಂಚೆಯೇ ಹೆತ್ತಳು ಎಂಬ ಅಚ್ಚರಿ. 1948ರ ದೇಶದ ಹಿಂದೆ ದಶಕಗಳ ವಲಸೆ, 1917ರ ನವೆಂಬರ್ 2ರ ಬಾಲ್ಫರ್ ಘೋಷಣೆ, ಯೂರೋಪಿನಲ್ಲಿ 60 ಲಕ್ಷ ಯೆಹೂದ್ಯರ ಕೊಲೆ, ಯುದ್ಧ ಎಲ್ಲವೂ ಇವೆ. ಬೇನೆಯಿಲ್ಲದ ಹೆರಿಗೆ ಎಂದು ಅದನ್ನು ಕರೆಯುವುದು ಆ ಸತ್ತವರ ವಿಷಯದಲ್ಲಿ ಸಲ್ಲದ ಮಾತು.

ಯೆಹೂದ್ಯರಲ್ಲೇ ಇದಕ್ಕೆ ಒಂದೇ ಉತ್ತರವಿಲ್ಲ ಎಂಬುದು ಬಹಳ ಓದುಗರಿಗೆ ಗೊತ್ತಿರುವುದಿಲ್ಲ. ರಬ್ಬಿ ಅಬ್ರಹಾಂ ಐಸಾಕ್ ಕೂಕ್ (1865-1935) ದೇಶಕ್ಕೆ ಮರಳುವುದನ್ನೇ ಬಿಡುಗಡೆಯ ಆರಂಭವೆಂದು ಕಂಡರು. ಇಸ್ರೇಲ್ ದೇಶಕ್ಕಾಗಿ 1948ರಲ್ಲಿ ರಚನೆಯಾದ ಪ್ರಾರ್ಥನೆ ಅದನ್ನು "ನಮ್ಮ ಬಿಡುಗಡೆಯ ಚಿಗುರಿನ ಮೊದಲು" ಎನ್ನುತ್ತದೆ. ಸಾತ್ಮಾರ್ ಎಂಬ ಕಟ್ಟಾ ಸಂಪ್ರದಾಯದ ಯೆಹೂದ್ಯ ಪಂಗಡದವರು ಇದಕ್ಕೆ ನೇರ ವಿರೋಧ. ರಬ್ಬಿಗಳ ಬೋಧನೆಯ ಸಂಗ್ರಹವಾದ ತಾಲ್ಮುದಿನ ಕೆತುಬೋತ್ 111ಎ ಪುಟದ ಮೂರು ಆಣೆಗಳನ್ನು ಮುಂದಿಟ್ಟು, ಮೆಸ್ಸೀಯನು ಬರುವ ಮೊದಲು ಬಲದಿಂದ ದೇಶ ಕಟ್ಟುವುದೇ ತಪ್ಪು ಎನ್ನುತ್ತಾರೆ.

ನಮ್ಮ ಅಭಿಪ್ರಾಯ ಕೇಳಿದರೆ: ಚದರಿದ ಜನ ಅಳಿಯದೆ ಉಳಿದದ್ದನ್ನೂ ಮರಳಿದ್ದನ್ನೂ ಯೆರೆಮೀಯ 31:35-37ರ ಮಾತಿನ ಬೆಳಕಿನಲ್ಲಿ ನೋಡಲು ಕಾರಣವಿದೆ. ಆದರೆ ಒಂದು ಸರಕಾರದ ಎಲ್ಲ ಕೆಲಸಕ್ಕೂ, ಒಂದು ಗಡಿರೇಖೆಗೂ ಪ್ರವಾದನೆಯ ಮುದ್ರೆ ಒತ್ತುವುದು ಪ್ರವಾದಿಗಳು ಮಾಡದ ಕೆಲಸ. ಆಮೋಸನೂ ಯೆರೆಮೀಯನೂ ತಮ್ಮ ಜನರ ಅರಸರನ್ನು ಬಹಿರಂಗವಾಗಿ ಗದರಿಸಿದವರು.

ಪ್ರಶ್ನೆ: ದಾನಿಯೇಲನ ಎಪ್ಪತ್ತು ವಾರಗಳ ಲೆಕ್ಕ ಪ್ರತಿ ಪುಸ್ತಕದಲ್ಲೂ ಬೇರೆಬೇರೆ ಇದೆ. ಯಾವುದು ಸರಿ? ಲೆಕ್ಕ ಮಾಡುವುದು ಹೇಗೆಂದು ತೋರಿಸಿಕೊಡಿ.

ಲೆಕ್ಕಕ್ಕೆ ಮುಂಚೆ 9:2 ಓದಿ. ದಾನಿಯೇಲನು ಯೆರೆಮೀಯನ 70 ವರ್ಷದ ಮಾತನ್ನು ಓದುತ್ತ, ಜನರ ಪಾಪ ಅರಿಕೆಮಾಡಿ ಪ್ರಾರ್ಥಿಸುತ್ತಿದ್ದಾನೆ. ಅದಕ್ಕೆ ಉತ್ತರವಾಗಿ ಬಂದದ್ದು 70 "ಶಾವೂಅ". ಈ ಪದಕ್ಕೆ ಏಳರ ಕಟ್ಟು ಎಂದರ್ಥ. ಇಲ್ಲಿ ಏಳು ವರ್ಷದ ಕಟ್ಟು ಎಂದು ಹಿಡಿದರೆ 70 × 7 = 490 ವರ್ಷ. ಯಾಜಕಕಾಂಡ 25ರ ಜೂಬಿಲಿ, ಅಂದರೆ ದಾಸರಿಗೆ ಬಿಡುಗಡೆ ಸಾರುವ ಕಾಲ, 49 ವರ್ಷದ ಸುತ್ತು, ಹಾಗೆ ನೋಡಿದರೆ 490 ಅಂದರೆ ಹತ್ತು ಜೂಬಿಲಿ. ದೇಶ ತನ್ನ ಸಬ್ಬತ್ ವರ್ಷಗಳನ್ನು ಅನುಭವಿಸಿತು ಎಂಬ 2 ಪೂರ್ವಕಾಲವೃತ್ತಾಂತ 36:21ನ್ನೂ ಸೇರಿಸಿಕೊಳ್ಳಿ. ಸಂಖ್ಯೆಯ ಹಿಂದೆ ಬಿಡುಗಡೆಯ ಅರ್ಥವಿದೆ ಎಂಬುದು ಲೆಕ್ಕ ಶುರುವಾಗುವ ಮುಂಚೆಯೇ ತಿಳಿದಿರಲಿ.

ವಾರಗಳು 7 + 62 + 1 ಎಂದು ಒಡೆದಿವೆ. ಯೆರೂಸಲೇಮನ್ನು ತಿರಿಗಿ ಕಟ್ಟುವ ಅಪ್ಪಣೆಯಿಂದ ಅಭಿಷಿಕ್ತನವರೆಗೆ 69 ವಾರ, ಅಂದರೆ 483 ವರ್ಷ, ಎಂಬುದು ಕ್ರೈಸ್ತರಲ್ಲಿ ಹೆಚ್ಚು ಬಳಕೆಯಲ್ಲಿರುವ ಓದು. ಆ ಅಪ್ಪಣೆ ಯಾವುದು ಎಂಬಲ್ಲಿಯೇ ದಾರಿ ಕವಲಾಗುವುದು.

ಕೋರೆಷನ 538ರ ಅಪ್ಪಣೆಯಿಂದ ಎಣಿಸಿದರೆ 538 − 483 = ಕ್ರಿ.ಪೂ. 55. ಅಲ್ಲಿ ಹೊಂದುವ ಘಟನೆಯಿಲ್ಲ. ಇಲ್ಲಿಂದ ಎಣಿಸುವವರು ಸಂಖ್ಯೆಗಳನ್ನು ಸಾಂಕೇತಿಕ ಎನ್ನುತ್ತಾರೆ.

ಎಜ್ರನಿಗೆ ಪಾರಸಿಯ ಅರಸ ಅರ್ತಷಸ್ತನು ತನ್ನ ಆಳ್ವಿಕೆಯ 7ನೆಯ ವರ್ಷ ಕೊಟ್ಟ ಪತ್ರ (ಎಜ್ರ 7) ಕ್ರಿ.ಪೂ. 457 ಎಂದು ಹಿಡಿಯಿರಿ. 483ರಲ್ಲಿ 457 ಕಳೆದರೆ 26. ಇಲ್ಲಿ ಬಹಳ ಮಂದಿ ಎಡವುತ್ತಾರೆ. ಕ್ರಿ.ಪೂ. 1 ಆದ ಮೇಲೆ ನೇರ ಕ್ರಿ.ಶ. 1, ನಡುವೆ ಸೊನ್ನೆಯ ವರ್ಷವಿಲ್ಲ. ಆದ್ದರಿಂದ ಒಂದು ಸೇರಿಸಿ 27. ಯೇಸುವಿನ ಸೇವೆಯ ಆರಂಭಕ್ಕೆ ಹತ್ತಿರ ಬಂತು. ಕೊರತೆಯೆಂದರೆ ಆ ಪತ್ರ ದೇವಾಲಯದ ಕಾಣಿಕೆ, ಯಜ್ಞ, ನ್ಯಾಯಾಧಿಪತಿಗಳ ನೇಮಕ ಇವನ್ನು ಹೇಳುತ್ತದೆ, ಪಟ್ಟಣ ಕಟ್ಟುವ ಮಾತು ಅದರಲ್ಲಿ ಬಾಯಿಬಿಟ್ಟು ಹೇಳಿಲ್ಲ.

ಪಟ್ಟಣದ ಗೋಡೆಯ ಮಾತು ಬರುವುದು ನೆಹೆಮೀಯ 2ರಲ್ಲಿ, ಅರಸನ 20ನೆಯ ವರ್ಷ, ಕ್ರಿ.ಪೂ. 445. ಇಲ್ಲಿಂದ 483 ಎಣಿಸಿದರೆ ಕ್ರಿ.ಶ. 39, ಶಿಲುಬೆಯ ಕಾಲ ದಾಟಿಹೋಗುತ್ತದೆ. ಇದನ್ನು ಸರಿಪಡಿಸಲು ಸರ್ ರಾಬರ್ಟ್ ಆಂಡರ್ಸನ್ 19ನೆಯ ಶತಮಾನದಲ್ಲಿ 360 ದಿನದ "ಪ್ರವಾದನೆಯ ವರ್ಷ" ಹಿಡಿದರು. ಪ್ರಕಟನೆ 11:2-3ರಲ್ಲಿ 42 ತಿಂಗಳು ಎಂದರೆ 1,260 ದಿನ, ತಿಂಗಳಿಗೆ 30 ದಿನ ಎಂಬುದು ಅದರ ಆಧಾರ. 483 × 360 = 1,73,880 ದಿನ. ಅದನ್ನು 365.2422ರಿಂದ ಭಾಗಿಸಿದರೆ ಸುಮಾರು 476 ಸೌರವರ್ಷ, ಕ್ರಿ.ಶ. 32ಕ್ಕೆ ಬಂದು ನಿಲ್ಲುತ್ತದೆ. ಈ ಲೆಕ್ಕ ಬಹಳ ಜನಪ್ರಿಯ. ಆದರೆ ಯೆಹೂದ್ಯರ ಪಂಚಾಂಗ ಚಾಂದ್ರಮಾನ ತಿಂಗಳಿಗೆ ಅಧಿಕಮಾಸ ಸೇರಿಸಿ ಋತುಗಳ ಜೊತೆ ಹೊಂದಿಸಿಕೊಳ್ಳುವಂಥದು. ಹಾಗೆ ಮಾಡದಿದ್ದರೆ ಪಸ್ಕಹಬ್ಬ ವಸಂತದಲ್ಲಿ ನಿಲ್ಲುತ್ತಲೇ ಇರಲಿಲ್ಲ. 483 ವರ್ಷ ಉದ್ದಕ್ಕೂ 360 ದಿನವನ್ನೇ ಯಾರೂ ಎಣಿಸಿ ಬದುಕಿರಲಿಲ್ಲ. ಮೇಲಾಗಿ ಶಿಲುಬೆಯ ವರ್ಷ 30 ಅಥವಾ 33 ಎನ್ನುವವರೇ ಹೆಚ್ಚು, 32 ಎನ್ನುವವರು ಕಡಿಮೆ.

ಇನ್ನೊಂದು ಓದು ಕ್ರಿ.ಪೂ. 2ನೆಯ ಶತಮಾನಕ್ಕೆ ಕರೆದೊಯ್ಯುತ್ತದೆ. ಹೀಬ್ರೂ ಪಠ್ಯದ ಸಾಂಪ್ರದಾಯಿಕ ವಿರಾಮಚಿಹ್ನೆ 9:25ರಲ್ಲಿ "ಏಳು ವಾರ" ಆದ ಮೇಲೆ ಬರುತ್ತದೆ. ಆ ಪ್ರಕಾರ ಮೊದಲ ಅಭಿಷಿಕ್ತನು 49 ವರ್ಷಕ್ಕೇ ಬರಬೇಕು. 586ರಿಂದ 538ಕ್ಕೆ ಸುಮಾರು ಅಷ್ಟೇ ಆಗುತ್ತದೆ, ಕೋರೆಷನನ್ನು ಯೆಶಾಯ 45:1 ಅಭಿಷಿಕ್ತನೆಂದೇ ಕರೆದಿದೆ. 9:26ರಲ್ಲಿ ಛೇದಿಸಲ್ಪಡುವ ಅಭಿಷಿಕ್ತನು ಮಹಾಯಾಜಕ ಮೂರನೆಯ ಓನಿಯಾಸ್, ಆತನ ಕೊಲೆ ಸುಮಾರು 171ರಲ್ಲಿ. ಕೊನೆಯ ವಾರ 171ರಿಂದ 164, ನಡುವೆ 167ರಲ್ಲಿ ಸಿರಿಯದ ಗ್ರೀಕ್ ಅರಸ ನಾಲ್ಕನೆಯ ಅಂತಿಯೋಕನು ದೇವಾಲಯವನ್ನು ಹೊಲೆಮಾಡಿದ್ದು. ಕೊನೆಯ ವಾರ ಇಷ್ಟು ಚೆನ್ನಾಗಿ ಕೂರುವ ಓದು ಬೇರೊಂದಿಲ್ಲ. ನಡುವಿನ 62 ವಾರ ಮಾತ್ರ ಕೂರುವುದಿಲ್ಲ: 538ರಿಂದ 434 ವರ್ಷ ಕಳೆದರೆ 104 ಬರುತ್ತದೆ. 605ರಿಂದ ಎಣಿಸಿದರೆ 171 ಸಿಗುತ್ತದೆ, ಆದರೆ ಆಗ 7 ವಾರಕ್ಕೊಂದು, 62 ವಾರಕ್ಕೊಂದು ಬೇರೆ ಬೇರೆ ಆರಂಭ ಇಡಬೇಕಾಗುತ್ತದೆ.

ರಬ್ಬಿಗಳ ಸಂಪ್ರದಾಯದಲ್ಲಿ ಸೇದೆರ್ ಓಲಾಮ್ ಎಂಬ ಕಾಲಗಣನೆ ಮೊದಲ ದೇವಾಲಯ ಬಿದ್ದದ್ದರಿಂದ ಎರಡನೆಯದು ಬೀಳುವವರೆಗೆ 70 + 420 = 490 ಎನ್ನುತ್ತದೆ. ಇತಿಹಾಸಕಾರರ ಇಸವಿಗಳಲ್ಲಿ ಕ್ರಿ.ಪೂ. 586ರಿಂದ ಕ್ರಿ.ಶ. 70ಕ್ಕೆ 655 ವರ್ಷ. ವ್ಯತ್ಯಾಸ 165.

ಕೊನೆಯ ಒಂದು ವಾರದ ವಿಷಯದಲ್ಲಿ ಇನ್ನೊಂದು ಭೇದ. 69ನೆಯ ಮತ್ತು 70ನೆಯ ವಾರದ ನಡುವೆ ಸಭೆಯ ಯುಗ ಪೂರ್ತಿ ತೂರಿಸಿ, ಕೊನೆಯ ಏಳು ವರ್ಷವನ್ನು ಮುಂದಿನ ಮಹಾಸಂಕಟಕ್ಕೆ ಇಡುವುದು ಡಿಸ್ಪೆನ್ಸೇಷನಲ್ ಬೋಧಕರ, ಅಂದರೆ ದೇವರ ಕೆಲಸವನ್ನು ಬೇರೆಬೇರೆ ಯುಗಗಳಾಗಿ ಒಡೆದು ಓದುವವರ, ಕ್ರಮ. ಪಠ್ಯದಲ್ಲಿ ಆ ಬಿಡುವು ಬರೆದಿಲ್ಲ. 9:27ರ "ಅವನು" 9:26ರ "ಬರುವ ಪ್ರಭು" ಎಂದು ಹಿಡಿದದ್ದರಿಂದ ಆ ತೀರ್ಮಾನ ಬಂತು. ಅಭಿಷಿಕ್ತನೇ "ಅವನು" ಎಂದು ಹಿಡಿದರೆ ಒಡಂಬಡಿಕೆ ಸ್ಥಿರಪಡಿಸುವವನು ಕ್ರಿಸ್ತನಾಗುತ್ತಾನೆ. ಇಡೀ ಏಳು ವರ್ಷದ ನಕ್ಷೆ ಒಂದು ಸರ್ವನಾಮದ ಮೇಲೆ ನಿಂತಿದೆ ಎಂಬುದನ್ನು ನಿಮ್ಮ ಗುಂಪಿಗೆ ತೋರಿಸಿಕೊಡಿ.

ಯಾವುದು ಸರಿ ಎಂದಿರಿ. 9:27ರಲ್ಲಿ ಬರುವ, ದೇವಾಲಯವನ್ನು ಹೊಲೆಮಾಡುವ "ಹಾಳುಮಾಡುವ ಅಸಹ್ಯ"ವನ್ನು 1 ಮಕ್ಕಬಿಯರ 1:54 ಅಂತಿಯೋಕನ ಕಾಲಕ್ಕೇ ಹೇಳಿತ್ತು. ಆದರೂ ಮತ್ತಾಯ 24:15ರಲ್ಲಿ ಯೇಸು ಅದನ್ನು ಇನ್ನೂ ಬರಬೇಕಾದದ್ದೆಂದು ಹೇಳಿದ. ಒಂದು ಸಲ ನಡೆದದ್ದು ಇನ್ನೊಂದು ಸಲದ ಅಚ್ಚಾಗುತ್ತದೆ ಎಂಬ ಈ ಓದನ್ನೇ ನಾವು ಹೆಚ್ಚು ನಂಬುತ್ತೇವೆ. ದಿನದ ಲೆಕ್ಕಕ್ಕೆ ತಂದು ನಿಲ್ಲಿಸುವ ಯಾವ ಪದ್ಧತಿಯನ್ನೂ ಒಪ್ಪುವುದಿಲ್ಲ.

ಪ್ರಶ್ನೆ: ಯೆಹೆಜ್ಕೇಲ 38ರಲ್ಲಿ ಇಸ್ರಾಯೇಲಿನ ಮೇಲೆ ದಂಡೆತ್ತಿ ಬರುವ ಗೋಗ್ ರಷ್ಯವೇ? ಮೆಷೆಕ್ ಮಾಸ್ಕೋ, ತೂಬಲ್ ತೊಬೊಲ್ಸ್ಕ್ ಎಂದು ಕೇಳಿದ್ದೇವೆ.

ಶಬ್ದ ಹೋಲುವುದಷ್ಟೆ. ಮಾಸ್ಕೋ ತನ್ನ ಹೆಸರನ್ನು ಮಾಸ್ಕ್ವಾ ನದಿಯಿಂದ ಪಡೆಯಿತು, ಬರಹದಲ್ಲಿ ಮೊದಲು ಕಾಣುವುದು 1147ರಲ್ಲಿ. ತೊಬೊಲ್ಸ್ಕ್ 1587ರ ಪಟ್ಟಣ, ತೊಬೊಲ್ ನದಿಯ ಹೆಸರು. ಯೆಹೆಜ್ಕೇಲನ ಮೆಷೆಕ್, ತೂಬಲ್ ಅವನ ಕೇಳುಗರಿಗೆ ಗೊತ್ತಿದ್ದ ಜನ. 27:13ರಲ್ಲಿ ಅವರು ತೂರ್ ಪಟ್ಟಣಕ್ಕೆ ಗುಲಾಮರನ್ನೂ ತಾಮ್ರದ ಪಾತ್ರೆಗಳನ್ನೂ ಮಾರುತ್ತಾರೆ. ಅಶ್ಶೂರ್ಯರ ದಾಖಲೆಗಳಲ್ಲಿ ಮುಷ್ಕಿ, ತಬಲ್ ಎಂದು ಬರುವ ಇವರ ನಾಡು ಇಂದಿನ ಟರ್ಕಿಯ ಒಳಗೆ ಬರುತ್ತದೆ.

ರಷ್ಯದ ವಾದಕ್ಕೆ ಮುಖ್ಯ ಆಸರೆ 38:2ರ "ರೋಶ್". ಹೀಬ್ರೂವಿನಲ್ಲಿ ರೋಶ್ ಎಂದರೆ ತಲೆ. "ಮೆಷೆಕ್ ತೂಬಲ್‌ಗಳ ಮುಖ್ಯ ಪ್ರಭು" ಎಂದೂ ಓದಬಹುದು. ಹಳೆಯ ಗ್ರೀಕ್ ಅನುವಾದ ಅದನ್ನು ಊರಿನ ಹೆಸರೆಂದು ತಿಳಿಯಿತು, ಲ್ಯಾಟಿನಿಗೆ ತಂದ ಜೆರೋಮ್ ತಲೆ ಎಂದೇ ತಿಳಿದ. ಹೆಸರೆಂದೇ ಇಟ್ಟುಕೊಂಡರೂ "ರುಸ್" ಎಂಬ ಹೆಸರು ಚರಿತ್ರೆಗೆ ಬಂದದ್ದು ಕ್ರಿ.ಶ. 9ನೆಯ ಶತಮಾನದಲ್ಲಿ. ಇದಕ್ಕೂ ಮುಂಚೆ 4ನೆಯ ಶತಮಾನದ ಅಂಬ್ರೋಸ್ ಗೋಗ್ ಎಂದರೆ ಗೋಥರು ಎಂದಿದ್ದ, ಲೂಥರನ ಕಾಲಕ್ಕೆ ತುರ್ಕರು ಎಂದಾಯಿತು. ತಮ್ಮ ಕಾಲದ ಶತ್ರುವನ್ನೇ ಪ್ರತಿ ಪೀಳಿಗೆ ಅಲ್ಲಿ ಬರೆದುಕೊಂಡಿತು. ಪ್ರಕಟನೆ 20:8ರಲ್ಲಿ ಗೋಗ್ ಮಾಗೋಗ್ ಬರುವುದು ಸಾವಿರ ವರ್ಷ ಮುಗಿದ ಮೇಲೆ, ಅದೂ ಭೂಮಿಯ ನಾಲ್ಕೂ ದಿಕ್ಕಿನ ಜನಾಂಗಗಳಾಗಿ. ಯೋಹಾನನು ಅದನ್ನು ಒಂದು ದೇಶವೆಂದು ಓದಲಿಲ್ಲ.

ಪ್ರಶ್ನೆ: ಸಾವಿರ ವರ್ಷದ ಆಳ್ವಿಕೆ, ಸಭೆ ಎತ್ತಲ್ಪಡುವುದು (ನಂಬಿದವರು ಕರ್ತನ ಬಳಿಗೆ ಒಯ್ಯಲ್ಪಡುವುದು), ಇವುಗಳಲ್ಲಿ ಬೋಧಕರಿಗೇ ಒಮ್ಮತವಿಲ್ಲವಲ್ಲ?

ಸಾವಿರ ವರ್ಷದ ಮಾತು ಬರುವುದು ಪ್ರಕಟನೆ 20:2-7ರಲ್ಲಿ ಮಾತ್ರ, ಆರು ವಚನಗಳಲ್ಲಿ ಆರು ಸಲ. ಕ್ರಿಸ್ತನು ಬಂದ ಮೇಲೆ ಆಳುವನು ಎಂದವರು ಜಸ್ಟಿನ್, ಐರೆನೇಯಸ್ ಮುಂತಾದ ಮೊದಲ ಶತಮಾನಗಳವರು. ಅದು ಈಗಿನ ಸಭೆಯ ಕಾಲವೇ ಎಂದು ಬಲವಾಗಿ ಕಲಿಸಿದವನು ಅಗಸ್ಟೀನ್. ಮಹಾಸಂಕಟಕ್ಕೆ ಮುಂಚೆ ಸಭೆ ಎತ್ತಲ್ಪಡುತ್ತದೆ, ಆಮೇಲೆ ದೇವರು ಇಸ್ರಾಯೇಲಿನ ಕಡೆಗೆ ತಿರುಗುತ್ತಾನೆ ಎಂಬ ಕ್ರಮಬದ್ಧ ಬೋಧನೆ 1830ರ ದಶಕದಿಂದ ಜಾನ್ ನೆಲ್ಸನ್ ಡಾರ್ಬಿ ಮೂಲಕ ಹರಡಿತು. 1909ರ ಸ್ಕೋಫೀಲ್ಡ್ ಟಿಪ್ಪಣಿ ಬೈಬಲ್ ಅದನ್ನು ಮನೆಮನೆಗೆ ಮುಟ್ಟಿಸಿತು. ನಿಮ್ಮ ಕೈಲಿರುವ ಬೈಬಲಿನ ಪುಟದಡಿಯ ಟಿಪ್ಪಣಿ ಯಾವ ಪಂಥದ್ದೆಂದು ನೋಡಿಕೊಳ್ಳಿ. ಟಿಪ್ಪಣಿ ವಚನವಲ್ಲ.

ಪ್ರಶ್ನೆ: ಅಂಜೂರದ ಮರ ಚಿಗುರಿತು ಅಂದರೆ ಇಸ್ರೇಲ್ ಹುಟ್ಟಿತು, "ಈ ಸಂತತಿ" ಅಳಿಯುವುದರೊಳಗೆ ಅಂತ್ಯ. ಒಂದು ಸಂತತಿ 80 ವರ್ಷ ಹಿಡಿದರೆ 2028. ಈ ಲೆಕ್ಕದಲ್ಲಿ ತಪ್ಪೇನು?

ಲೂಕ 21:29 ಓದಿ: "ಅಂಜೂರದ ಮರವನ್ನೂ ಎಲ್ಲಾ ಮರಗಳನ್ನೂ" ಎಂದಿದೆ. ಅಂಜೂರವೊಂದೇ ಗುಟ್ಟಿನ ಸಂಕೇತವಾಗಿದ್ದರೆ ಉಳಿದ ಮರಗಳೇಕೆ? ಚಿಗುರು ಕಂಡರೆ ಬೇಸಿಗೆ ಹತ್ತಿರ ಎಂಬ ಸರಳ ಹೋಲಿಕೆ ಅದು. "ಈ ಸಂತತಿ" ಎಂಬುದನ್ನು ಯೇಸುವಿನ ಮುಂದೆ ಕೇಳುತ್ತಿದ್ದವರ ಪೀಳಿಗೆ ಎಂದು ಹಿಡಿದವರಿಗೆ ಕ್ರಿ.ಶ. 70 ಕಣ್ಣೆದುರಿಗಿದೆ. ಗುರುತುಗಳನ್ನು ಕಾಣುವ ಪೀಳಿಗೆ, ಯೆಹೂದ್ಯ ಜನಾಂಗ ಎಂಬ ಅರ್ಥಗಳೂ ಇವೆ. ಯಾವುದಕ್ಕೂ ಇಸವಿ ಅಂಟಿಕೊಂಡಿಲ್ಲ.

ಈ ಲೆಕ್ಕ ಮೊದಲು 40 ವರ್ಷದ್ದಾಗಿತ್ತು, ಅರಣ್ಯಕಾಂಡ 32:13ರ ಆಧಾರದಲ್ಲಿ. 1948 + 40 = 1988. ಆ ವರ್ಷ ಕಳೆಯಿತು. ಆರಂಭವನ್ನು ಇಸ್ರೇಲ್ ಪೂರ್ವ ಯೆರೂಸಲೇಮನ್ನು ಹಿಡಿದ 1967ಕ್ಕೆ ಸರಿಸಿ 2007 ಎಂದರು. ಈಗ ಕೀರ್ತನೆ 90:10ರ 80. ಉತ್ತರ ಮೊದಲೇ ಗೊತ್ತಿದ್ದು ಅಳತೆಗೋಲನ್ನು ಬದಲಾಯಿಸುತ್ತ ಹೋಗುವುದು ಎಣಿಕೆಯಲ್ಲ.

ಹಿಂದೆ ಆದ ಹಾನಿ ನೋಡಿ. ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್ ದಾನಿಯೇಲ 8:14ರ 2,300 ದಿನಗಳನ್ನು ಅರಣ್ಯಕಾಂಡ 14:34, ಯೆಹೆಜ್ಕೇಲ 4:6ರ ಆಧಾರದಲ್ಲಿ ದಿನಕ್ಕೊಂದು ವರ್ಷವೆಂದು ಮಾಡಿ, ಕ್ರಿ.ಪೂ. 457ರಿಂದ ಎಣಿಸಿ 1843 ಎಂದರು. ಸೊನ್ನೆಯ ವರ್ಷದ ತಪ್ಪು ತಿದ್ದಿ 1844 ಆಯಿತು. ಅವರ ಅನುಯಾಯಿಗಳು ಅಕ್ಟೋಬರ್ 22 ಎಂದು ದಿನವನ್ನೇ ಗೊತ್ತುಮಾಡಿದರು. ಕೊಯ್ಲು ಬಿಟ್ಟು ಕಾದವರಿದ್ದರು, ಆ ದಿನ ಏನೂ ಆಗಲಿಲ್ಲ. ಯೆಹೂದ್ಯರಲ್ಲೂ ಹೀಗಾಗಿದೆ. 132ರಲ್ಲಿ ರೋಮಿನ ಮೇಲೆ ದಂಗೆಯೆದ್ದ ಬಾರ್ ಕೋಖ್ಬನನ್ನು ರಬ್ಬಿ ಅಕಿವ ಅರಣ್ಯಕಾಂಡ 24:17ರ ನಕ್ಷತ್ರವೆಂದರು, 135ಕ್ಕೆ ರೋಮಿನವರು ಆ ದಂಗೆಯನ್ನು ರಕ್ತದಲ್ಲಿ ಅಳಿಸಿದರು. 1666ರಲ್ಲಿ ಮೆಸ್ಸೀಯನೆನಿಸಿಕೊಂಡಿದ್ದ ಶಬ್ತೈ ಜ್ವಿ ಸೆಪ್ಟೆಂಬರಿನಲ್ಲಿ ತುರ್ಕಿ ಸುಲ್ತಾನನ ಮುಂದೆ ಇಸ್ಲಾಮಿಗೆ ಮತಾಂತರವಾದ. ಅಂತ್ಯವನ್ನು ಲೆಕ್ಕಹಾಕುವವರ ಎಲುಬು ಪುಡಿಯಾಗಲಿ ಎಂದು ತಾಲ್ಮುದಿನ ಸನ್ಹೆದ್ರಿನ್ 97ಬಿ ಪುಟ ಶಪಿಸುವುದು ಸುಮ್ಮನೆ ಅಲ್ಲ. ಹೇಳಿದ ದಿನ ಬಾರದೆ ಹೋದಾಗ ಜನ ನಂಬಿಕೆಯನ್ನೇ ಬಿಡುತ್ತಾರೆ ಎಂಬ ಕಾರಣವನ್ನೂ ಅಲ್ಲೇ ಕೊಟ್ಟಿದೆ.

ಪ್ರಶ್ನೆ: ಕೆಂಪು ಕಡಸುಗಳು ಇಸ್ರೇಲಿಗೆ ಬಂದಿವೆಯಂತೆ. ಮೂರನೆಯ ದೇವಾಲಯ ಹತ್ತಿರವಾಯಿತೇ?

ಟೆಕ್ಸಸ್‌ನಿಂದ ಐದು ಕಡಸುಗಳು 2022ರ ಸೆಪ್ಟೆಂಬರಿನಲ್ಲಿ ಬಂದದ್ದು ನಿಜ. ಅರಣ್ಯಕಾಂಡ 19ರ ಪ್ರಕಾರ ಅದು ದೋಷವಿಲ್ಲದ, ನೊಗ ಹೊರದ ಕೆಂಪು ಕಡಸಾಗಿರಬೇಕು. ದೇವದಾರು, ಹಿಸ್ಸೋಪು, ಕೆಂಪು ದಾರದೊಡನೆ ಸುಟ್ಟ ಅದರ ಬೂದಿಯನ್ನು ಹರಿಯುವ ನೀರಿಗೆ ಬೆರೆಸಿ ಚಿಮುಕಿಸಿದರೆ ಶವ ಮುಟ್ಟಿದ ಮೈಲಿಗೆ ಕಳೆಯುತ್ತದೆ, ದೇವಾಲಯದ ಸೇವೆಗೆ ಈ ಶುದ್ಧಿ ಬೇಕು. ರಬ್ಬಿಗಳ ನಿಯಮದಂತೆ ಬೇರೆ ಬಣ್ಣದ ಎರಡು ಕೂದಲಿದ್ದರೂ ಆ ಕಡಸು ಸಲ್ಲದು. ಅದಕ್ಕೇ ಇಷ್ಟು ಅಪರೂಪ. ಹಿಂದೆ ಒಂಬತ್ತು ಸುಟ್ಟಿದ್ದರು, ಹತ್ತನೆಯದನ್ನು ಮೆಸ್ಸೀಯನು ಸಿದ್ಧಮಾಡುವನು ಎಂದು ಮಧ್ಯಯುಗದ ಯೆಹೂದ್ಯ ಪಂಡಿತ ಮೈಮೊನಿದೆಸ್ ಬರೆದರು. ಆದರೆ ಕಡಸು ಸಿಕ್ಕಿದ್ದೇ ಅಂತ್ಯದ ಗುರುತು ಎಂದು ಹೊಸ ಒಡಂಬಡಿಕೆ ಎಲ್ಲಿಯೂ ಹೇಳಿಲ್ಲ. ಇಬ್ರಿಯರಿಗೆ 9:13 ಅದನ್ನು ಕ್ರಿಸ್ತನ ರಕ್ತಕ್ಕೆ ಹೋಲಿಸಿ ಮುಂದೆ ಸಾಗುತ್ತದೆ.

ಪ್ರಶ್ನೆ: ಯೆಹೂದ್ಯರಲ್ಲಿ ಮೂರರಲ್ಲಿ ಎರಡು ಪಾಲು ಸಾಯಲೇಬೇಕು, ಜೆಕರ್ಯ 13:8ರಲ್ಲಿದೆ ಎಂದು ಬೋಧಿಸಿದರು. ಮತ್ತೊಬ್ಬರು ದೇವರು ಅವರನ್ನು ಬಿಟ್ಟು ಸಭೆಯನ್ನು ಆರಿಸಿಕೊಂಡನು ಎಂದರು. ಕೇಳಿ ಮನಸ್ಸಿಗೆ ಸಂಕಟವಾಯಿತು.

ಸಂಕಟವಾದದ್ದು ಸರಿ. ಜೆಕರ್ಯನ ಆ ಮಾತು 13:7ರ ಕುರುಬನನ್ನು ಹೊಡೆಯುವ ಮಾತಿಗೆ ಅಂಟಿಕೊಂಡಿದೆ, ಮತ್ತಾಯ 26:31ರಲ್ಲಿ ಯೇಸು ಅದನ್ನು ತನ್ನ ಬಂಧನದ ರಾತ್ರಿಗೆ ಹೇಳಿಕೊಂಡ. ಆದ್ದರಿಂದ ಮುಂದಿನ ವಚನವನ್ನು 66-70ರ ರೋಮನ್ ಯುದ್ಧದಲ್ಲಿ ಕಾಣುವವರಿದ್ದಾರೆ, ಮುಂದಿನ ಕಾಲಕ್ಕೆ ಇಡುವವರೂ ಇದ್ದಾರೆ. ಇಬ್ಬರೂ 13:9ರವರೆಗೆ ಓದಬೇಕು, ಆ ಭಾಗ ಮುಗಿಯುವುದು ಬೆಳ್ಳಿಯನ್ನು ಪುಟಕ್ಕಿಡುವ ಚಿತ್ರದಲ್ಲಿ, "ಇವರು ನನ್ನ ಜನ" ಎಂಬ ಮಾತಿನಲ್ಲಿ. ಯೆರೆಮೀಯನು ತನ್ನ ತಲೆ ನೀರಿನ ಬುಗ್ಗೆಯಾಗಬಾರದೇ ಎಂದು ಅತ್ತ (9:1). ಯೇಸು ಯೆರೂಸಲೇಮನ್ನು ನೋಡಿ ಅತ್ತ (ಲೂಕ 19:41). ಸಾವಿನ ಸಂಖ್ಯೆಯನ್ನು ವೇದಿಕೆಯ ಮೇಲೆ ಉತ್ಸಾಹದಿಂದ ಹೇಳುವವನಿಗೆ ಪ್ರವಾದಿಗಳ ಮನಸ್ಸೇ ಗೊತ್ತಿಲ್ಲ.

ದೇವರು ಬಿಟ್ಟನೇ ಎಂಬ ಪ್ರಶ್ನೆಯನ್ನು ಪೌಲನು ರೋಮಾಪುರದವರಿಗೆ 11:1ರಲ್ಲಿ ತಾನೇ ಕೇಳಿ, ಎಂದಿಗೂ ಇಲ್ಲ ಎಂದಿದ್ದಾನೆ. ಮೂರು ಅಧ್ಯಾಯಗಳನ್ನೂ, 9ರಿಂದ 11, ಒಂದೇ ಕೂತಿನಲ್ಲಿ ಓದಿ. 9:6ರಲ್ಲಿ ಇಸ್ರಾಯೇಲ್ ವಂಶದವರೆಲ್ಲ ಇಸ್ರಾಯೇಲ್ಯರಲ್ಲ ಎನ್ನುತ್ತಾನೆ. 11:17-24ರಲ್ಲಿ ಕಾಡು ಎಣ್ಣೆಮರದ ಕೊಂಬೆ ಕಸಿಯಾಗಿ ಊರ ಮರದ ಬೇರಿನಿಂದ ಜೀವ ಪಡೆಯುತ್ತದೆ, ಬೇರನ್ನು ಹೊರುವುದು ನೀನಲ್ಲ, ಹೆಚ್ಚಳಪಡಬೇಡ ಎಂದು ಅನ್ಯಜನರಿಗೆ ಎಚ್ಚರಿಸುತ್ತಾನೆ. 11:29ರಲ್ಲಿ ದೇವರ ವರಗಳೂ ಕರೆಯೂ ಹಿಂತೆಗೆಯಲ್ಪಡುವಂಥವಲ್ಲ. 11:26ರ "ಇಸ್ರಾಯೇಲ್ ಜನರೆಲ್ಲರು" ಯಾರು? ಕಾಲದ ಕೊನೆಗೆ ಯೆಹೂದ್ಯ ಜನಾಂಗ ಎನ್ನುವವರು, ಎಲ್ಲ ಕಾಲದ ನಂಬಿದ ಯೆಹೂದ್ಯರು ಎನ್ನುವವರು, ಯೆಹೂದ್ಯರೂ ಅನ್ಯರೂ ಸೇರಿದ ಸಭೆ ಎಂದ ಕ್ಯಾಲ್ವಿನ್. ಹಿಂದಿನ ವಚನದಲ್ಲಿ ಇಸ್ರಾಯೇಲ್ ಎಂದರೆ ಅನ್ಯರಿಗೆ ಎದುರಾಗಿ ಯೆಹೂದ್ಯ ಜನರೇ. ಒಂದೇ ಉಸಿರಿನಲ್ಲಿ ಅರ್ಥ ಬದಲಾಯಿಸಿದನೆನ್ನಲು ಬಲವಾದ ಕಾರಣ ಬೇಕು. ನಮಗೆ ಅದು ಕಾಣುವುದಿಲ್ಲ. "ಹೀಗೆ" ಎಂಬ ಪದಕ್ಕೂ ಗಮನ ಕೊಡಿ. ಗ್ರೀಕಿನಲ್ಲಿ ಅದು ಬಗೆಯನ್ನು ಹೇಳುವ ಪದ, "ಆಮೇಲೆ" ಎಂದಲ್ಲ.

ಬಿಟ್ಟನು ಎಂಬ ಬೋಧನೆಯ ಫಲ ಚರಿತ್ರೆಯಲ್ಲಿದೆ. 1096ರಲ್ಲಿ ಶಿಲುಬೆ ಯುದ್ಧಕ್ಕೆ ಹೊರಟವರು ರೈನ್ ನದಿಯ ಪಟ್ಟಣಗಳ ಯೆಹೂದ್ಯರನ್ನು ಕೊಂದರು. 1543ರಲ್ಲಿ ಲೂಥರ್ ಅವರ ಸಭಾಮಂದಿರಗಳನ್ನು ಸುಡಿರೆಂದು ಬರೆದ. 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ರೋಮಾ 11ನ್ನೇ ಆಧಾರವಾಗಿ ಹಿಡಿದು, ಯೆಹೂದ್ಯರನ್ನು ದೇವರು ತಿರಸ್ಕರಿಸಿದವರು, ಶಪಿತರು ಎಂದು ಕಲಿಸಬಾರದೆಂದಿತು. ನಿಮ್ಮ ಬೋಧಕರೊಡನೆ ಮಾತಾಡುವುದಾದರೆ 11:18ನ್ನು ತೆರೆದು ಅವರ ಮುಂದಿಡಿ, ವಾದಕ್ಕಿಂತ ಅದು ಒಳ್ಳೆಯದು.

ಪ್ರಶ್ನೆ: ಯೆಹೂದ್ಯರು ಮಾಡಿದ ಅನುವಾದದ ಜೊತೆ ಹೋಲಿಸಿ ಓದಲು ಹೋದರೆ ವಚನಗಳೇ ಸಿಗುವುದಿಲ್ಲ. ಏಕೆ?

ಅಧ್ಯಾಯ ಒಡೆದಿರುವುದು ಕೆಲವು ಕಡೆ ಬೇರೆ. ನಮ್ಮ ಯೋವೇಲ 2:28-32 ಅವರಲ್ಲಿ 3:1-5, ನಮ್ಮ 3ನೆಯ ಅಧ್ಯಾಯ ಅವರ 4. ನಮ್ಮ ಹೋಶೇಯ 1:10-11 ಅವರ 2:1-2. ಜೆಕರ್ಯ 1:18-21 ಅವರ 2:1-4. ಯೆಹೆಜ್ಕೇಲ 20:45-49 ಅವರ 21:1-5. ಮಲಾಕಿಯ 4 ಅವರಲ್ಲಿ 3ರ ಮುಂದುವರಿಕೆ, 3:19-24. ಯೆಶಾಯ 9:1 ಅವರ 8:23. ದಾನಿಯೇಲನನ್ನು ಪ್ರವಾದಿಗಳ ನಡುವೆ ಹುಡುಕಬೇಡಿ. ಅವರ ಕ್ರಮದಲ್ಲಿ ಅದು ಕೊನೆಯ ವಿಭಾಗವಾದ ಬರಹಗಳಲ್ಲಿ, ಎಸ್ತೇರಳ ಮತ್ತು ಎಜ್ರನ ನಡುವೆ ಇರುತ್ತದೆ.